ಎರವಲು ನಾಲಿಗೆ

ಕುರಿಮಾಂಸದ ವಿಷಯದಲ್ಲಿ ನಮ್ಮ ಮಾಮಾನಷ್ಟು ತಿಳಿದವರು ಇಡೀ ಹೈದರಾಬಾದಿನಲ್ಲಿ ಇನ್ನೊಬ್ಬರು ಸಿಗಲಾರರು. ಬಿರಿಯಾನಿಯ ಊರಿನಲ್ಲಿ ಕೂತು ಇಂಥ ಮಾತು ಬರೆಯಲು ಎದೆಗಾರಿಕೆ ಬೇಕು, ಗೊತ್ತು. ಆದರೂ ಬರೆಯುತ್ತೇನೆ. ಯಾವ ಮರಿಯ ತೊಡೆಯಲ್ಲಿ ಮಾಂಸ ಕೂತಿದೆ, ಯಾವುದರ ಬೆನ್ನಿನಲ್ಲಿ ಕೊಬ್ಬು ಏರಿದೆ, ಯಾವುದು ಇನ್ನೆಷ್ಟು ಮೇದರೂ ದಂಡ ಎಂಬುದನ್ನು ಅವರು ಬಸ್ಸಿನ ಕಿಟಕಿಯಿಂದಲೇ ಹೇಳಬಲ್ಲರು. ಇಷ್ಟೆಲ್ಲ ಬಲ್ಲ ಈ ಮಹಾನುಭಾವರು ಹುಟ್ಟಿದಾಗಿನಿಂದ ಮಾಂಸದ ಒಂದು ಚೂರನ್ನೂ ಬಾಯಿಗಿಟ್ಟವರಲ್ಲ! ಹಣೆಯ ತುಂಬ ವಿಭೂತಿ, ಕೊರಳಲ್ಲಿ ಲಿಂಗ, ಮೈತುಂಬ ಕುರಿಯ ವಾಸನೆ. ಈಜು ಬಾರದವನು ಈಜು ಕಲಿಸಿದ ಹಾಗೆ ಅಂತೀರೇನು? ನಾವೂ ಹಾಗೇ ಅಂದು ಅಂದು ಸಾಕಾಗಿ ಸುಮ್ಮನಾದವರೇ.

ಮಾಮಾ ಅಂದರೆ ನನ್ನ ತಾಯಿಯ ತಮ್ಮ. ರಾಯಚೂರು ಕಡೆಯವರು. ಹರೆಯದಲ್ಲಿ ಹೈದರಾಬಾದಿಗೆ ಬಂದು, ಇಲ್ಲಿನ ಒಂದು ಕುರಿತಳಿ ಕೇಂದ್ರದಲ್ಲಿ ಕೆಲಸಕ್ಕೆ ಸೇರಿ, ಅಲ್ಲೇ ಕೂದಲು ಬೆಳ್ಳಗಾಗಿಸಿಕೊಂಡರು. ಅವರ ಕೆಲಸ ಒಂದು ಜಾತಿಯ ಕುರಿಗೆ ಇನ್ನೊಂದು ಜಾತಿಯ ಟಗರನ್ನು ಕೂಡಿಸಿ, ಹುಟ್ಟಿದ ಮಿಶ್ರತಳಿ ಹೇಗೆ ಬೆಳೆಯುತ್ತದೆ, ಎಷ್ಟು ಬೇಗ ಗಬ್ಬವಾಗುತ್ತದೆ, ಈದರೆ ಎಷ್ಟು ಮರಿ ಹಾಕುತ್ತದೆ ಎಂದು ನೋಡುವುದು. ನಮ್ಮ ದಖ್ಖನ್ನಿನ ಕರಿಕುರಿ ಗಟ್ಟಿ ಜೀವ. ಬಿಸಿಲಿಗೂ ಅಂಜದು, ನಡಿಗೆಗೂ ದಣಿಯದು. ಆದರೆ ಈದಾಗ ಸಾಮಾನ್ಯವಾಗಿ ಒಂದೇ ಮರಿ. ಬಂಗಾಳದ ಕಡೆ ಒಂದು ಗಿಡ್ಡ ಜಾತಿ ಇದೆಯಂತೆ, ಅವಳಿ ಹಾಕುವುದರಲ್ಲಿ ಅದು ಎತ್ತಿದ ಕೈ, ಮೈ ಮಾತ್ರ ಮೊಲದ ದಾಯಾದಿ. ಇವೆರಡರ ಗುಣವನ್ನು ಒಂದೇ ಚರ್ಮದೊಳಗೆ ತುಂಬಬೇಕು ಎಂಬುದು ಮಾಮಾನ ಜೀವನದ ಏಕೈಕ ಆಸೆ. "ದೇವರು ತಾಯಿಗೆ ಎರಡು ಮೊಲಿ ಕೊಟ್ಟಾನ, ಮರಿ ಯಾಕ ಒಂದ ಇರಬೇಕು?" ಎಂದು ಅವರು ಕಂಡಕಂಡವರನ್ನು ಕೇಳುತ್ತಿದ್ದರು. ಮದುವೆಮನೆಯಲ್ಲಿ ಹೊಸ ಮದುಮಗಳ ಪಕ್ಕ ನಿಂತು ಕೇಳಿದ್ದೂ ಉಂಟು.

ನಮ್ಮ ಕಡೆ ಅಕ್ಕನ ಮಗಳನ್ನು ಸೋದರಮಾವನಿಗೆ ಕೊಡುವುದು ಹಳೆಯ ವಾಡಿಕೆ. ಮಾಮಾನಿಗೂ ನನ್ನ ದೊಡ್ಡಮ್ಮನ ಮಗಳನ್ನು ಗೊತ್ತುಮಾಡಿ ಹಿರಿಯರೆಲ್ಲ ಚಾಪೆ ಹಾಸಿ ಕೂತಿದ್ದರಂತೆ. ಇವರು ಎದ್ದು ನಿಂತು, ಒಂದೇ ಹಿಂಡಿನ ಟಗರನ್ನು ಅದೇ ಹಿಂಡಿನಲ್ಲಿ ಬಿಟ್ಟರೆ ಮರಿಗಳ ಮೈ ಹೇಗೆ ಇಳಿಯುತ್ತದೆ, ಸಾವು ಹೇಗೆ ಹೆಚ್ಚುತ್ತದೆ, ಕುರಿ ಹೇಗೆ ಗೊಡ್ಡು ಬೀಳುತ್ತದೆ ಎಂದು ಸಾಂಗವಾಗಿ ವಿವರಿಸಿದರಂತೆ. ಹಿರಿಯರು ತಾಂಬೂಲದ ತಟ್ಟೆ ಎತ್ತಿಕೊಂಡು ಹೋದವರು ಆಮೇಲೆ ಆ ಮಾತು ಎತ್ತಲಿಲ್ಲ. ಬೇರೆ ಹೆಣ್ಣು ಕೊಡುವ ಧೈರ್ಯ ಯಾರಿಗೂ ಬರಲಿಲ್ಲ. ಊರ ಕುರಿಗಳಿಗೆಲ್ಲ ಸಂಬಂಧ ಹುಡುಕಿದ ಮಾಮಾ ಒಂಟಿಯಾಗಿಯೇ ಉಳಿದರು.

ಆದರೆ ಅದರ ಲಾಭ ನನಗಾಯಿತು, ಸುಳ್ಳು ಯಾಕೆ ಹೇಳಲಿ? ನಾನು ಮಂಗಳೂರು ಕಡೆಯ, ಮೀನು ತಿನ್ನುವ ಹುಡುಗನನ್ನು ಮದುವೆಯಾಗುತ್ತೇನೆ ಎಂದಾಗ ಮನೆಯಲ್ಲಿ ಒಲೆ ಹೊತ್ತಲಿಲ್ಲ. ಮಾಮಾ ಹೈದರಾಬಾದಿನಿಂದ ರೈಲು ಹತ್ತಿ ಬಂದರು. ಹುಡುಗನನ್ನು ನಿಲ್ಲಿಸಿ, ಬೆನ್ನು ತಟ್ಟುವವರ ಹಾಗೆ ಸೊಂಟದ ಮೇಲೆ ಕೈಯಿಟ್ಟು ಒತ್ತಿ ನೋಡಿದರು. ಕುರಿಯ ಮೈ ತುಂಬಿದೆಯೋ ಬಡಕಲೋ ಎಂದು ತಿಳಿಯಲು ಅವರು ಒತ್ತಿ ನೋಡುವುದೂ ಅಲ್ಲಿಯೇ. ಆಮೇಲೆ ನನ್ನ ಅಪ್ಪನ ಕಡೆ ತಿರುಗಿ, ದೂರದ ರಕ್ತ ಕೂಡಿದರೆ ಮೊದಲ ಪೀಳಿಗೆ ಬಲು ಚುರುಕಾಗಿರುತ್ತದೆ, ಮುಂದುವರಿಯಿರಿ ಎಂದರು. ಅಪ್ಪ ಒಪ್ಪಿದರು. ನನ್ನ ಗಂಡ ಮಾತ್ರ ಈಗಲೂ ಮಾಮಾ ಬೆನ್ನು ತಟ್ಟಲು ಬಂದರೆ ಗೋಡೆಗೆ ಒರಗಿ ನಿಲ್ಲುತ್ತಾರೆ.

ಮುಂದೆ ನನ್ನ ಗಂಡನಿಗೆ ಹೈದರಾಬಾದಿನ ಕುಷಾಯಿಗೂಡದ ಹತ್ತಿರದ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ಕೆಲಸವಾಗಿ, ನಾವು ಮಾಮಾನ ಗಲ್ಲಿಯಲ್ಲೇ ಮನೆ ಹಿಡಿದೆವು. ಆಗಲೇ ಮಾಮಾ ನಿವೃತ್ತರಾಗಿದ್ದರು. ಉಳಿದವರು ನಿವೃತ್ತಿಯಾದರೆ ಕಾಶಿಗೆ ಹೋಗುತ್ತಾರೆ, ಇವರು ಊರು ಮುಗಿಯುವ ಕಡೆ ಪರಿಚಯದವರ ಖಾಲಿ ಜಾಗದಲ್ಲಿ ದೊಡ್ಡಿ ಕಟ್ಟಿ ಸ್ವಂತ ಕುರಿ ಸಾಕಿದ್ದರು. ಕೇಂದ್ರದಲ್ಲಿ ಅರ್ಧಕ್ಕೆ ನಿಂತ ಕೆಲಸವನ್ನು ಇಲ್ಲಿ ಮುಗಿಸುವ ಹಟ. ಎರಡು ಮರಿ ಹಾಕುವ ಕುರಿಗಳೇನೋ ಬಂದವು. ಅವಳಿಗಳು ಹುಟ್ಟುವಾಗಲೇ ಸಣ್ಣ, ಬೆಳವಣಿಗೆ ನಿಧಾನ. ಅದಕ್ಕೂ ಕೆಲವು ವರ್ಷ ಹೆಣಗಿ, ಮೈ ತುಂಬುವ ಟಗರುಗಳನ್ನು ತಂದು ಕೂಡಿಸಿ ದಾರಿ ಕಂಡುಕೊಂಡರು. ಕೊನೆಗೆ ಉಳಿದದ್ದು ಒಂದೇ ಪ್ರಶ್ನೆ. ಈ ಮಿಶ್ರತಳಿಯ ಮಾಂಸಕ್ಕೆ ರುಚಿ ಇದೆಯೇ? ಸುತ್ತಲಿನ ಕುರಿಗಾರರು ಮಾಮಾನ ಟಗರಿಗಾಗಿ ಕಾಯುತ್ತಿದ್ದರು. ಒಮ್ಮೆ ಅವರ ಹಿಂಡಿಗೆ ಟಗರು ಬಿಟ್ಟರೆ ಅದರ ಸಂತತಿಯೊಡನೆ ಅವರು ವರ್ಷಗಟ್ಟಲೆ ಬಾಳಬೇಕು. ಮಾಂಸ ಸಪ್ಪೆಯಾಗಿದ್ದರೆ ಈ ಊರಿನಲ್ಲಿ ಅದನ್ನು ಮೂಸುವವರೂ ಇಲ್ಲ.

ಕುರಿಯನ್ನು ತೂಗಬಹುದು, ಅಳೆಯಬಹುದು. ರುಚಿಯನ್ನು ಏನು ಮಾಡುವುದು? ಅದಕ್ಕೆ ಮಾಮಾ ಒಂದು ನಾಲಿಗೆಯನ್ನು ಎರವಲು ತಂದಿದ್ದರು. ಆ ನಾಲಿಗೆಯ ಒಡೆಯ ಖಾದರ್ ಭಾಯಿ.

ಖಾದರ್ ಭಾಯಿ ಅದೇ ಕೇಂದ್ರದಲ್ಲಿ ಮಾಮಾನ ಜೊತೆ ಕೆಲಸ ಮಾಡಿದವರು, ಯಾದಗಿರಿ ಕಡೆಯವರು, ಎರಡು ಗಲ್ಲಿ ಆಚೆ ಮನೆ. ಐತವಾರ ಬಂತೆಂದರೆ ಪರೀಕ್ಷೆ. ಟಗರನ್ನೇ ಕಡಿದರೆ ತಳಿ ಮುಂದುವರಿಸುವವರು ಯಾರು? ಹಾಗಾಗಿ ಅದರ ಮರಿಯ ಸರದಿ. ಕಡಿಯುವ ದಿನ ಮಾಮಾ ದೊಡ್ಡಿಯ ಕಡೆ ಸುಳಿಯುತ್ತಿರಲಿಲ್ಲ. ನಾನು ಬೆಳೆಸುವವನು, ಅಷ್ಟೇ ನನ್ನ ಪಾಲು ಎಂದು ಹೇಳಿ ಎಲ್ಲಿಗೋ ನಡೆದುಬಿಡುತ್ತಿದ್ದರು. ಖಾದರ್ ಭಾಯಿಯ ಹೆಂಡತಿ, ನಮಗೆಲ್ಲ ಚಾಚಿ, ಪ್ರತಿ ಸಲವೂ ಅದೇ ಮಸಾಲೆ ಹಾಕಿ ಕುರ್ಮಾ ಮಾಡುತ್ತಿದ್ದರು. ಮಸಾಲೆ ಬದಲಾದರೆ ಪರೀಕ್ಷೆ ಕೆಟ್ಟಿತು ಎಂದು ಮಾಮಾನ ಕಟ್ಟಪ್ಪಣೆ. ನೆಲದ ಮೇಲೆ ದಸ್ತರಖಾನ್ ಹಾಸಿ ಒಂದು ಬದಿಗೆ ಖಾದರ್ ಭಾಯಿ ಕುರ್ಮಾದೊಡನೆ, ಎದುರು ಬದಿಗೆ ಮಾಮಾ ಮನೆಯಿಂದ ತಂದ ಜೋಳದ ರೊಟ್ಟಿ, ಶೇಂಗಾ ಚಟ್ನಿಯೊಡನೆ. ಮಾಮಾನಿಗೆಂದೇ ಚಾಚಿ ಒಂದು ಸ್ಟೀಲ್ ತಟ್ಟೆಯನ್ನು ಬೇರೆ ಇಟ್ಟಿದ್ದರು. ಆಮೇಲೆ ಶುರುವಾಗುತ್ತಿತ್ತು ವಿಚಾರಣೆ. ನಾರು ಇದೆಯೇ? ಹಲ್ಲಿಗೆ ಸಿಗುತ್ತದೆಯೇ, ಕರಗುತ್ತದೆಯೇ? ನುಂಗಿದ ಮೇಲೆ ಬಾಯಲ್ಲಿ ಏನು ಉಳಿಯಿತು?

ಖಾದರ್ ಭಾಯಿ ಸುಲಭಕ್ಕೆ ಒಪ್ಪುವ ಆಸಾಮಿಯಲ್ಲ. ಕಣ್ಣು ಮುಚ್ಚಿ ಅಗಿದು, ಸೂರು ನೋಡಿ ಯೋಚಿಸಿ, ಕೊನೆಗೆ ಒಂದು ಕೊಂಕು ತೆಗೆಯುತ್ತಿದ್ದರು.

"ಸ್ವಾಮಿ, ಮೊನ್ನಿದಕ್ಕಿಂತ ಪರವಾಗಿಲ್ಲ. ಆದ್ರ ಈ ಮರಿಗೆ ಜಿಂದಗಿದಾಗ ಖುಷಿ ಇದ್ದಿಲ್ಲ ನೋಡು."

"ಖುಷಿ ಇದ್ದಿಲ್ಲ ಅಂದ್ರ ಏನಲೇ? ನಾ ಬರಕೊಳ್ಳೋದು ಹ್ಯಾಂಗ?"

"ನಿನಗ ತಿಳಿಯಂಗಿಲ್ಲ. ನೀ ರೊಟ್ಟಿ ತಿನ್ನು."

ನನ್ನ ಗಂಡನೂ ಆ ಪಂಕ್ತಿಯಲ್ಲಿ ಕೂತು ಸಂತೋಷದಿಂದ ಉಣ್ಣುತ್ತಿದ್ದರು. ಒಮ್ಮೆ ಅವರು, ನನಗೆ ತುಂಬ ರುಚಿ ಅನ್ನಿಸಿತು ಮಾಮಾ ಎಂದರು. ಮೀನಿನಲ್ಲಿ ಪಳಗಿದ ನಾಲಿಗೆಗೆ ಕುರಿ ಹೇಗೆ ತಿಳಿದೀತು ಎಂದು ಮಾಮಾ ಅವರ ಸಾಕ್ಷಿಯನ್ನು ಅಲ್ಲೇ ತಳ್ಳಿಹಾಕಿದರು. ಪಾಪ, ಆಮೇಲೆ ಇವರು ಬಾಯಿ ತೆರೆದದ್ದು ಉಣ್ಣಲು ಮಾತ್ರ.

ಹೀಗಿರುವಾಗ ಕೊರೋನಾ ಬಂತು. ಖಾದರ್ ಭಾಯಿ ಆಸ್ಪತ್ರೆ ಸೇರಿದರು. ಒಳಗೆ ಯಾರನ್ನೂ ಬಿಡುತ್ತಿರಲಿಲ್ಲ. ಮಾಮಾ ದಿನಾ ದೊಡ್ಡಿಗೆ ಹೋಗಿ ಬಂದು, ಜಗಲಿಯ ಮೇಲೆ ಫೋನು ಹಿಡಿದು ಕೂರುತ್ತಿದ್ದರು. ಮಾತಾಡುವುದು ಕುರಿಯ ವಿಷಯವೇ. ಯಾವುದು ಈಯಿತು, ಯಾವುದರ ಮರಿ ಹಾಲು ಕುಡಿಯಲಿಲ್ಲ. ಆಚೆಯಿಂದ ಕೆಮ್ಮು ಕೇಳಿಸಿದರೆ ಇವರಿಗೆ ಸಮಾಧಾನ. ದೇವರ ದಯೆ, ಖಾದರ್ ಭಾಯಿ ಉಳಿದು ಮನೆಗೆ ಬಂದರು. ಬಡವಾಗಿದ್ದರು, ಕುರ್ತಾ ಹೆಗಲಿನಿಂದ ಜೋತಾಡುತ್ತಿತ್ತು. ಕೆಲವು ತಿಂಗಳ ನಂತರ ಐತವಾರದ ಪರೀಕ್ಷೆ ಮತ್ತೆ ಶುರುವಾಯಿತು.

ಆದರೆ ಈಗ ಖಾದರ್ ಭಾಯಿಯ ಸ್ವಭಾವವೇ ಬದಲಾಗಿತ್ತು. ತುತ್ತು ಬಾಯಿಗಿಟ್ಟರೆ ಸಾಕು, ಕ್ಯಾ ಬಾತ್ ಹೈ ಸ್ವಾಮಿ, ಬೆಣ್ಣೆ ಸ್ವಾಮಿ ಎಂದು ಹೊಗಳಿಕೆ. ಸಾವಿನ ಬಾಗಿಲು ನೋಡಿ ಬಂದವರಿಗೆ ಬದುಕಿನ ಎಲ್ಲವೂ ರುಚಿಯಾಗಿ ಕಾಣುತ್ತದೆ ಎಂದು ನಾನು ನನ್ನೊಳಗೇ ದೊಡ್ಡ ವೇದಾಂತ ಹೊಸೆದಿದ್ದೆ. ಆ ವೇದಾಂತ ಕೆಟ್ಟಿದ್ದು ಒಂದು ಚಿಟಿಕೆ ಉಪ್ಪಿನಿಂದ. ಅವತ್ತು ಖಾದರ್ ಭಾಯಿ ಎಂದಿನಂತೆ ಹೊಗಳುತ್ತಿದ್ದಾಗ, ನನ್ನ ಗಂಡ ಮೊದಲ ತುತ್ತಿಗೇ ನಿಂತು ನನ್ನ ಮುಖ ನೋಡಿದರು. ನಾನೇನು ತಿನ್ನುವವಳೇ? ಏನೂ ತಿಳಿಯಲಿಲ್ಲ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಚಾಚಿ ನನ್ನನ್ನು ಕರೆದರು. ಅವರ ಮುಖ ಸಣ್ಣದಾಗಿತ್ತು. ಕುರ್ಮಾಕ್ಕೆ ಉಪ್ಪು ಹಾಕುವುದನ್ನೇ ಮರೆತಿದ್ದರಂತೆ.

ಉಪ್ಪಿಗಿಂತ ರುಚಿ ಇಲ್ಲ ಅನ್ನುತ್ತಾರೆ. ಆ ಉಪ್ಪೇ ಇಲ್ಲದ್ದನ್ನು ಖಾದರ್ ಭಾಯಿ ಪಡಸಾಲೆಯಲ್ಲಿ ಕೂತು ಕೊಂಡಾಡುತ್ತಿದ್ದರು! ಚಾಚಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಎಲ್ಲ ಹೇಳಿದರು. ಆ ಜ್ವರದಲ್ಲಿ ವಾಸನೆ, ರುಚಿ ಎರಡೂ ಹೋದವು. ಎಲ್ಲರಿಗೂ ಬಂದಂತೆ ಇವರಿಗೂ ಬಂದೀತೆಂದು ಕಾದರು, ಬರಲಿಲ್ಲ. ಸ್ವಾಮಿಗೆ ಗೊತ್ತಾದರೆ ಅವನ ಕೆಲಸ ನಿಂತೇಹೋಗುತ್ತದೆ, ಹೇಳಬೇಡ ಎಂದು ಹೆಂಡತಿಯ ಬಾಯಿಗೆ ಬೀಗ ಹಾಕಿದ್ದರಂತೆ. ನಾನೂ ಹೇಳಬಾರದು ಎಂದು ಚಾಚಿ ನನ್ನ ಕೈ ಹಿಡಿದುಕೊಂಡರು.

ಇಂಥ ಗುಟ್ಟು ಹೊಟ್ಟೆಯಲ್ಲಿಟ್ಟುಕೊಳ್ಳುವುದು ನನ್ನಂಥವಳಿಗೆ ಶಿಕ್ಷೆ. ಖಾದರ್ ಭಾಯಿಯ ಮೇಲೆ ಪ್ರೀತಿಯೂ ಬಂತು, ಸಿಟ್ಟೂ ಬಂತು. ಮಳೆಗಾಲ ಮುಗಿಯುತ್ತ ಬಂದಿತ್ತು. ಯಾವ ಟಗರನ್ನು ಉಳಿಸಿಕೊಂಡು ಕುರಿಗಾರರಿಗೆ ಕೊಡುವುದು ಎಂದು ಮಾಮಾ ಈ ಸಲ ತೀರ್ಮಾನಿಸಬೇಕಿತ್ತು. ಅವರಿಗೆ ಜೀವಕ್ಕಿಂತ ಹೆಚ್ಚಾದ ಒಂದು ಕಂದು ಟಗರಿತ್ತು. ಅದರ ಹೆಣ್ಣುಮಕ್ಕಳೆಲ್ಲ ಅವಳಿ ಹಾಕುತ್ತಿದ್ದವು, ಮರಿಗಳೂ ದುಂಡಗೆ ಬೆಳೆಯುತ್ತಿದ್ದವು. ಅದರ ರುಚಿಗೆ ಸಾಕ್ಷಿ, ರುಚಿಯೇ ಗೊತ್ತಿಲ್ಲದ ನಾಲಿಗೆ! ನಾಳೆ ಯಾವ ಕುರಿಗಾರನ ಹಿಂಡು ಸಂತೆಯಲ್ಲಿ ಮಾರಾಟವಾಗದೆ ನಿಂತರೂ ಅವನು ಬಂದು ಬೈಯುವುದು ಮಾಮಾನನ್ನು. ಎರಡು ದಿನ ತಡೆದುಕೊಂಡೆ. ಮೂರನೆಯ ಸಂಜೆ ದೊಡ್ಡಿಗೆ ನಡೆದೆ.

ಮಾಮಾ ಕುಕ್ಕರಗಾಲಲ್ಲಿ ಕೂತು, ಅವಳಿಯಲ್ಲಿ ಸೋತ ಮರಿಯನ್ನು ತಾಯಿಯ ಕೆಚ್ಚಲಿಗೆ ಹಿಡಿದಿದ್ದರು. ಬಲವಾದ ಮರಿಯನ್ನು ಇನ್ನೊಂದು ಕೈಯಲ್ಲಿ ತಡೆದಿದ್ದರು. ನಾನು ಸುತ್ತಿ ಬಳಸಿ, ಖಾದರ್ ಭಾಯಿಯ ಮಾತನ್ನು ಈಗ ಅಷ್ಟು ನಂಬಬಾರದೇನೋ ಎಂದು ಶುರುಮಾಡಿದೆ. ಅವರು ತಲೆ ಎತ್ತಲಿಲ್ಲ.

"ಅಂವಗ ರುಚಿ ಹೋಗೇತಿ. ಅದನ್ನ ಹೇಳಾಕ ಇಷ್ಟು ದೂರ ಬಂದೀಯೇನು?"

ನಾನು ಅಲ್ಲೇ ಮೇವಿನ ಗೋಣಿಚೀಲದ ಮೇಲೆ ಕೂತೆ. ಯಾವಾಗ ಗೊತ್ತಾಯಿತು ಎಂದು ಕೇಳಿದೆ. ಮೊದಲ ಐತವಾರ ಅನುಮಾನ, ಮೂರನೆಯದಕ್ಕೆ ಖಾತ್ರಿ ಎಂದರು. ಒಂದು ದಿನವೂ ತಮ್ಮ ಕುರಿಯನ್ನು ಪೂರಾ ಒಪ್ಪದ ಮನುಷ್ಯ ಇದ್ದಕ್ಕಿದ್ದಂತೆ ಎಲ್ಲವನ್ನೂ ಒಂದೇ ಸಮ ಹೊಗಳತೊಡಗಿದರೆ ತಿಳಿಯುವುದಿಲ್ಲವೇ ಎಂದರು. ಹತ್ತು ಕುರಿ ತೂಗಿದಾಗ ಹತ್ತೂ ಒಂದೇ ತೂಕ ಬಂದರೆ ಕೆಟ್ಟಿರುವುದು ತಕ್ಕಡಿಯೇ ಅಂತೆ.

"ಹಂಗಾರ ಐತವಾರ ಐತವಾರ ಹೋಗಿ ಯಾಕ ಕೇಳ್ತೀರಿ ಮಾಮಾ?"

ಅವರು ಮರಿಯ ಗಂಟಲನ್ನು ಬೆರಳಿನಿಂದ ಸವರಿದರು.

"ರುಚಿ ಇಲ್ಲದ ಬಾಯಿಗೆ ಅನ್ನ ಅಂದ್ರ ಮಣ್ಣವ್ವಾ. ಬ್ಯಾರೆ ದಿನ ಎರಡು ತುತ್ತು ತಿಂದು ಕೈ ತೊಳೀತಾನ. ಐತವಾರ ನನಗ ಹೇಳಬೇಕಲ್ಲ, ಅದಕ್ಕ ಪೂರಾ ತಾಟು ಉಣ್ತಾನ. ನಾ ಕೇಳೋದ ಬಿಟ್ಟರ ಅಂವ ಉಣ್ಣೋದ ಬಿಡ್ತಾನ."

ಆಗ ನನಗೆ ಹೊಳೆಯಿತು. ಪ್ರತಿ ಐತವಾರ ಹೊರಡುವಾಗ ಮಾಮಾ ಖಾದರ್ ಭಾಯಿಯನ್ನು ತಬ್ಬಿ ಬೆನ್ನು ತಟ್ಟುತ್ತಿದ್ದರು, ಕೈ ಸೊಂಟದ ಮೇಲೆ ಒಂದು ಗಳಿಗೆ ನಿಲ್ಲುತ್ತಿತ್ತು. ಮೈ ಹಿಡಿದಿದೆಯೇ ಎಂದು ನೋಡುತ್ತಿದ್ದರು! ನಗು ಬಂತು, ಅದರ ಹಿಂದೆಯೇ ಅಳು ಬಂತು. ಟಗರಿನ ಗತಿ ಏನು ಎಂದು ಕೇಳಿದೆ. ಈ ವರ್ಷ ಯಾರಿಗೂ ಕೊಡುವುದಿಲ್ಲ, ಏನೋ ಒಂದು ಕಾರಣ ಹೇಳಿ ಕುರಿಗಾರರನ್ನು ತಡೆದಿದ್ದೇನೆ ಎಂದರು. ಬೇರೆ ಯಾರ ಕೈಲಾದರೂ ರುಚಿ ನೋಡಿಸಬಹುದಿತ್ತಲ್ಲ? ಹಾಗೆ ಮಾಡಿದರೆ ಎಂದೋ ಒಂದು ದಿನ ಖಾದರನ ಕಿವಿಗೆ ಬೀಳುತ್ತದೆ, ತನ್ನ ಕೆಲಸ ಇನ್ನೊಬ್ಬನಿಗೆ ಹೋಯಿತೆಂದು ಕುಗ್ಗುತ್ತಾನೆ ಎಂದರು. ಮಾಮಾನಿಗೂ ವಯಸ್ಸಾಗಿತ್ತು. ಈ ವಯಸ್ಸಿನಲ್ಲಿ ಒಂದು ವರ್ಷ ಕಾಯುವುದು ಸಣ್ಣ ಮಾತಲ್ಲ, ಅದು ಅವರಿಗೂ ಗೊತ್ತಿತ್ತು. ಒಬ್ಬರು ಸ್ನೇಹಿತನ ಕೆಲಸ ನಿಲ್ಲಬಾರದೆಂದು ಸುಳ್ಳು ಹೇಳುತ್ತಿದ್ದರು, ಇನ್ನೊಬ್ಬರು ಸ್ನೇಹಿತನ ಊಟ ನಿಲ್ಲಬಾರದೆಂದು ಆ ಸುಳ್ಳನ್ನು ಕೇಳಿಸಿಕೊಳ್ಳುತ್ತಿದ್ದರು. ನಡುವೆ ಗುಟ್ಟು ಕಾಯುವ ಕೆಲಸ ನನ್ನ ಪಾಲಿಗೆ ಬಂತು. ಆ ಇಬ್ಬರು ಮುದುಕರ ಮೇಲೆ ನನಗೆ ಎಷ್ಟು ಅಕ್ಕರೆ ಬಂತೆಂದರೆ, ಆ ಐತವಾರಗಳಲ್ಲಿ ನಾನು ಮುಖ ಗಂಟು ಹಾಕಿಕೊಂಡು ಕೂರುತ್ತಿದ್ದೆ, ಇಲ್ಲದಿದ್ದರೆ ಅತ್ತುಬಿಡುತ್ತಿದ್ದೆ.

ಚಳಿಗಾಲ ಕಳೆಯಿತು, ಬೇಸಿಗೆಯೂ ಕಳೆಯಿತು. ಹೊಗಳಿಕೆ ನಡೆದೇ ಇತ್ತು. ಮುಂದಿನ ಮಳೆಗಾಲದ ಒಂದು ಐತವಾರ, ಕಂದು ಟಗರಿನ ಮರಿಯ ಸರದಿ. ಖಾದರ್ ಭಾಯಿ ಎಂದಿನಂತೆ ತುತ್ತು ಬಾಯಿಗಿಟ್ಟರು. ಎಂದಿನಂತೆ ಬಾಯಿ ತೆರೆಯಲು ಹೋದರು. ತೆರೆಯಲಿಲ್ಲ. ಮತ್ತೊಮ್ಮೆ ಅಗಿದರು, ನಿಲ್ಲಿಸಿದರು, ಹುಬ್ಬು ಗಂಟಿಕ್ಕಿ ತಟ್ಟೆಯನ್ನೇ ನೋಡಿದರು. ಮಾಮಾ ಮುರಿದ ರೊಟ್ಟಿಯ ಚೂರು ಕೈಯಲ್ಲೇ ಉಳಿಯಿತು.

"ಸ್ವಾಮಿ, ಇದು ಯಾವ ಟಗರಿಂದು?"

ಮಾಮಾ ಮೆಲ್ಲನೆ, ಕಂದು ಟಗರಿನದು ಎಂದರು.

"ತಪ್ಪು ತಿಳಕೋಬ್ಯಾಡ. ತೊಯ್ದ ಕಂಬಳಿ ಬಾಯಾಗ ಹಾಕ್ಕೊಂಡಂಗ ಐತಿ. ಯಾರಿಗೂ ಕೊಡಬ್ಯಾಡ ಇದನ್ನ."

ಹೇಳಿದ ಮೇಲೆ ಅವರಿಗೇ ತಾವು ಏನು ಹೇಳಿದೆವು ಎಂದು ತಿಳಿದಂತಾಯಿತು. ತುಟಿಯನ್ನು ಬೆರಳಿನಿಂದ ಮುಟ್ಟಿಕೊಂಡರು. ಚಾಚಿ ಕುರ್ಮಾದ ಪಾತ್ರೆ ಹಿಡಿದು ಬಾಗಿಲಲ್ಲೇ ನಿಂತುಬಿಟ್ಟರು. ಇಷ್ಟು ವರ್ಷದ ಹೆಣಗಾಟದಿಂದ ಬಂದ ಟಗರು ಒಂದೇ ತುತ್ತಿಗೆ ಹೋಗಿತ್ತು. ಇನ್ನೊಂದು ಅಂಥದ್ದನ್ನು ಬೆಳೆಸುವಷ್ಟು ಕಾಲ ಮಾಮಾನ ಕೈಯಲ್ಲಿ ಇತ್ತೋ ಇಲ್ಲವೋ ಯಾರಿಗೆ ಗೊತ್ತು. ನಾನು ಅವರ ಮುಖ ನೋಡಲು ಹೆದರಿ ನೋಡಿದೆ. ಗಳಗಳ ಅಳುತ್ತಿದ್ದರು, ವಿಭೂತಿಯ ಹಣೆಯ ಕೆಳಗೆ ಮುಖವೆಲ್ಲ ನಗುವಾಗಿತ್ತು.

ಮಾಂಸದ ಪಾತ್ರೆಯನ್ನು ಆ ಮನೆಯಲ್ಲಿ ಅವರು ಯಾವತ್ತೂ ಮುಟ್ಟಿದವರಲ್ಲ. ಅವತ್ತು ಎದ್ದುಹೋಗಿ ಚಾಚಿಯ ಕೈಯಿಂದ ಅದನ್ನು ಇಸಿದುಕೊಂಡು ಬಂದರು. ಖಾದರ್ ಭಾಯಿಯ ಮುಂದೆ ಮೊಣಕಾಲೂರಿ ಕೂತು ತಮ್ಮ ಕೈಯಾರೆ ಬಡಿಸಿದರು.

"ಇನ್ನೊಂದು ತುತ್ತು ತಿನ್ನಲೇ. ಇನ್ನೂ ಏನೇನು ಕೆಟ್ಟೈತಿ, ಎಲ್ಲಾ ಹೇಳು."